ಇಂದಿನ ಧಮ್ಮ ಚಿಂತನೆ: ಸಲಹೆಗಾರನ ಮುಷ್ಟಿ ತೆರೆದಿರಲಿ



ನಾನು ಶಾಲಾ ಮೇಷ್ಟ್ರು. ಜೊತೆಗೆ, ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಮಕ್ಕಳ ಸಂಘವೊಂದಕ್ಕೆ ಕೆಲವು ವರ್ಷಗಳಿಂದ ಸಲಹೆಗಾರ. "ಸರ್, ಏಪ್ರಿಲ್ 14ಕ್ಕೆ ಯಾರನ್ನು ಕರೆಯೋಣ? ಅಧ್ಯಕ್ಷರನ್ನಾಗಿ ಯಾರನ್ನು ಮಾಡೋಣ? ನೀವೇ ಹೇಳಿಬಿಡಿ" ಎಂದು ಫೋನು ಬರುತ್ತದೆ. ಹೇಳಿಬಿಡುವುದು ಸುಲಭ. ಹೇಳಬೇಕೇ ಎಂಬುದೇ ಪ್ರಶ್ನೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದರು. ಅದೇ ಭಾಷಣದಲ್ಲಿ, ಭಿಕ್ಖು ಸಂಘಗಳಿಗೆ ಠರಾವು, ಕೋರಂ, ಮತ ಎಣಿಕೆಯ ನಿಯಮಗಳು ಗೊತ್ತಿದ್ದವು ಎಂದು ನೆನಪಿಸಿದರು. ಎರಡನ್ನೂ ಕೂಡಿಸಿ ಓದಿದರೆ ಅರ್ಥ ತಿಳಿಯುತ್ತದೆ: ಸಂಘ ನಿಲ್ಲುವುದು ಹಿರಿಯನೊಬ್ಬನ ಮಾತಿನ ಮೇಲಲ್ಲ, ಕೂತು ಚರ್ಚಿಸಿ ತೀರ್ಮಾನಿಸುವ ಅಭ್ಯಾಸದ ಮೇಲೆ.

ಹಾಗಾದರೆ ಸಲಹೆಗಾರ ಕೊಡುವುದೇನು? ಕೊನೆಯ ದಿನಗಳಲ್ಲಿ ತಥಾಗತರು ಆನಂದನಿಗೆ, ಧಮ್ಮದ ವಿಷಯದಲ್ಲಿ ತಮ್ಮದು ಆಚಾರ್ಯನ ಬಿಗಿಮುಷ್ಟಿಯಲ್ಲ ಎಂದರು. ನಾನೂ ತಿಳಿದದ್ದನ್ನೆಲ್ಲ ಕೊಡಬೇಕು: ನಡಾವಳಿ ಬರೆಯುವುದು, ಚಂದಾ ಹಣಕ್ಕೆ ರಸೀದಿ ಹಾಕುವುದು, ಮನವಿ ಕೊಟ್ಟಾಗ ಸ್ವೀಕೃತಿ ಪಡೆಯುವುದು. ತೀರ್ಮಾನ ಮಾತ್ರ ಅವರದು.

ಆದರೆ ಮೌನವೇ ಯಾವಾಗಲೂ ಧಮ್ಮವಲ್ಲ. ಹುಡುಗಿಯರನ್ನು ಊಟ ಬಡಿಸಲಷ್ಟೇ ಕರೆದರೆ, ಲೆಕ್ಕ ತಪ್ಪಿದರೆ ಮಾತಾಡಲೇಬೇಕು. ಹೇಗೆ? ಗುರು ಹೇಳಿದರೆಂದು ಒಪ್ಪಬೇಡಿ, ಕೇಡು ತರುವುದೆಂದು ನೀವೇ ಅರಿತು ಬಿಡಿ ಎಂಬುದು ಕಾಲಾಮರಿಗೆ ಬುದ್ಧರ ಉಪದೇಶ. ಹಾಗಾಗಿ ಅಪ್ಪಣೆಯ ಬದಲು ಒಂದು ಪ್ರಶ್ನೆ ಇಡುತ್ತೇನೆ: "ಈ ತೀರ್ಮಾನದ ಪೆಟ್ಟು ಯಾರ ಮೇಲೆ ಬೀಳುತ್ತದೆ?" ಕೂಲಿ ಮಾಡುವ ತಾಯಿಯ ಮಗಳು ಹಾಸ್ಟೆಲ್ ಸೀಟು ಕಳೆದುಕೊಂಡರೆ ಓದೇ ನಿಂತೀತು. ಅವಳನ್ನು ಕೇಳದೆ ಮನವಿಯಲ್ಲಿ ಅವಳ ಹೆಸರನ್ನು ಮೊದಲು ಬರೆಯಬಾರದು.

ಕಳೆದ ವರ್ಷ ಹಾಸ್ಟೆಲ್ ಊಟದ ಬಗ್ಗೆ ಪರೀಕ್ಷೆ ಮುಗಿದ ಮೇಲೆ ಮನವಿ ಕೊಡಿ ಎಂದಿದ್ದೆ. ಅವರು ಚರ್ಚಿಸಿ, ಕೈಯೆತ್ತಿ, ಮೊದಲೇ ಕೊಡುವುದೆಂದು ತೀರ್ಮಾನಿಸಿದರು. ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೂ ರಜೆ ಹಾಕಿ ಅವರ ಜೊತೆ ಕಚೇರಿಗೆ ಹೋದೆ. ತನ್ನ ಮಾತು ಬಿದ್ದುಹೋದ ಮೇಲೂ ಹಿರಿಯನು ಜೊತೆಗೆ ನಿಂತರೆ, ಸಂಘ ಎಂದರೇನೆಂದು ಮಕ್ಕಳಿಗೆ ತಿಳಿಯುತ್ತದೆ. ಕಲ್ಯಾಣಮಿತ್ರನ ಕೆಲಸ ಅದೇ.

ಇಂದು ನಮ್ಮ ನಮ್ಮ ಸಂಘಗಳಲ್ಲಿ, ವಿಹಾರಗಳಲ್ಲಿ ಕೇಳಿಕೊಳ್ಳೋಣ: ನಾನು ಬಾರದ ದಿನವೂ ಸಭೆ ನಡೆಯುತ್ತದೆಯೇ? ನಡೆದರೆ ನಮ್ಮ ಸಲಹೆ ಫಲಿಸಿದೆ ಎಂದರ್ಥ.

ಎಲ್ಲರಿಗೂ ಮಂಗಳವಾಗಲಿ.