ಇರುಳಲ್ಲಿ ಕೊಟ್ಟ ಚೀವರ



ಇಂದಿನ ಚಿಂತನೆ: ಗುಟ್ಟಾಗಿ ಕೊಟ್ಟ ಗೌರವ ಗೌರವವೇ?

ಚೀನಾ ಎಂದರೆ ಹೊಸಪೇಟೆ, ಸಂಡೂರಿನ ನಮಗೆ ಅದಿರು ಲಾರಿಗಳ ನೆನಪು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ತಡೆಯುವ ಮುಂಚೆ ನಮ್ಮ ಗುಡ್ಡಗಳ ಕೆಂಪು ಮಣ್ಣು ಹಡಗೇರಿ ಆ ದೇಶಕ್ಕೆ ಹೋಯಿತು. ನಾನು ಹೋದದ್ದು ಅಂಗಡಿ ಸಾಮಾನು ನೋಡಲು, ಪರ್ಲ್ ನದಿ ದಂಡೆಯ ಗುವಾಂಗ್‌ಝೌ ನಗರಕ್ಕೆ. ಕಂಪ್ಲಿಯಂತೆಯೇ ಸೆಖೆ, ಭತ್ತ, ಬಾಳೆಯ ಸೀಮೆ. ಕೆಲಸ ಮುಗಿದ ಮೇಲೆ ಗುವಾಂಗ್‌ಶಿಯಾವೊ ವಿಹಾರ ನೋಡಿದೆ. ಅಂಗಳದಲ್ಲಿ ಬೋಧಿವೃಕ್ಷ, ಪಕ್ಕದಲ್ಲಿ ಸ್ತೂಪ. ಹುಯ್‌ನೆಂಗ್ ಭಂತೆಯವರ ಕೂದಲು ಅದರಡಿ ಇದೆಯೆಂದು ನಂಬಿಕೆ.

ಹುಯ್‌ನೆಂಗ್ ಸೌದೆ ಮಾರುತ್ತಿದ್ದವರು, ಓದುಬರಹ ಬಾರದವರು. ಧಮ್ಮ ಕಲಿಯಲು ದೂರದ ವಿಹಾರಕ್ಕೆ ಹೋದಾಗ, ದಕ್ಷಿಣದ ಕಾಡುಜನ ಬುದ್ಧನಾಗುವುದುಂಟೆ ಎಂದು ಗುರು ಹೊಂಗ್ರೆನ್ ಕೇಳಿದರಂತೆ. ಮನುಷ್ಯರಿಗೆ ದಿಕ್ಕುಂಟು, ಬುದ್ಧತ್ವಕ್ಕಿಲ್ಲ ಎಂಬಂತೆ ಇವರು ಉತ್ತರಿಸಿದರು. ಎಂಟು ತಿಂಗಳು ಭತ್ತ ಕುಟ್ಟಿದರು. ಅವರ ಅರಿವನ್ನು ಕಂಡ ಗುರು ಉತ್ತರಾಧಿಕಾರದ ಚೀವರ ಕೊಟ್ಟರು. ಆದರೆ ಕೊಟ್ಟದ್ದು ನಡುರಾತ್ರಿ, ಯಾರಿಗೂ ಕಾಣದಂತೆ. ಉಳಿದವರು ಕೇಡು ಮಾಡಿಯಾರೆಂದು ಅಂದೇ ಕಳಿಸಿಬಿಟ್ಟರು. ಹದಿನೈದು ವರ್ಷ ಬೇಟೆಗಾರರ ನಡುವೆ ಅಡಗಿದ್ದು, 676ರಲ್ಲಿ ಇದೇ ವಿಹಾರದಲ್ಲಿ ಎಲ್ಲರೆದುರು ಭಿಕ್ಷುವಾದರು ಎನ್ನುತ್ತದೆ ಪರಂಪರೆ.

ನಮಗೂ ಇರುಳಿನ ಗೌರವ ಗೊತ್ತು. ಹೊಸಪೇಟೆಯಲ್ಲಿ ನಮ್ಮ ಬುತ್ತಿಗೆ ಕೈಹಾಕಿ ಉಣ್ಣುವ ಗೆಳೆಯ, ತನ್ನೂರಿನ ಹಿರಿಯರು ಎದುರಾದರೆ ಗುರುತೇ ಇಲ್ಲದವನಂತೆ ನಿಲ್ಲುತ್ತಾನೆ. ಆಮೇಲೆ ಬಂದು, "ನನಗೇನೂ ಭೇದ ಇಲ್ಲಣ್ಣ" ಎನ್ನುತ್ತಾನೆ. ಅವನ ಮಾತು ಸುಳ್ಳಿರಲಿಕ್ಕಿಲ್ಲ. ಆದರೆ ಹೊಂಗ್ರೆನ್ ಗುಟ್ಟು ಮಾಡಿದ್ದು ಶಿಷ್ಯನ ಜೀವ ಉಳಿಸಲು. ಗೆಳೆಯ ಗುಟ್ಟು ಮಾಡುವುದು ತನ್ನ ಮರ್ಯಾದೆ ಉಳಿಸಿಕೊಳ್ಳಲು. ಗುಟ್ಟು ಯಾರನ್ನು ಕಾಯುತ್ತದೆ ಎಂದು ಕೇಳಿದರೆ ಗೌರವದ ಬೆಲೆ ತಿಳಿಯುತ್ತದೆ.

ಬಾಡಿಗೆ ಮನೆ ತಪ್ಪಬಾರದೆಂದು ಬಾಬಾಸಾಹೇಬರ ಫೋಟೊ ಒಳಕೋಣೆಯಲ್ಲಿಟ್ಟ ನಮ್ಮವರನ್ನು ಹೇಡಿಗಳೆನ್ನಬೇಡಿ. ಹುಯ್‌ನೆಂಗ್ ಕೂಡ ಅಡಗಿದ್ದರು. ಆದರೆ ಹೊರಬರುವ ದಿನವನ್ನು ಮರೆಯಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ಪಡೆದದ್ದು, ಲಕ್ಷಾಂತರ ಜನರಿಗೆ ಕೊಟ್ಟದ್ದು ಹಾಡುಹಗಲಲ್ಲಿ, ಬಟ್ಟಬಯಲಲ್ಲಿ. ಇರುಳಲ್ಲಿ ಸಿಗುವ ಸಮಾನತೆ ಸಾಲದು ಎಂಬುದಕ್ಕೆ ಅದೇ ಉತ್ತರ.

ಇಂದು ಯೋಚಿಸೋಣ: ನಾನು ಯಾರನ್ನಾದರೂ ಒಳಗೆ ಒಪ್ಪಿ, ಹೊರಗೆ ಮರೆಮಾಡುತ್ತಿದ್ದೇನೆಯೇ? ಮನೆಯ ಹೆಣ್ಣುಮಕ್ಕಳನ್ನು? ನಮಗಿಂತ ಕೆಳಗೆಂದು ಊರು ಹೇಳುವ ಜಾತಿಯವರನ್ನು?

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್.