ಹಿರಿಯರ ಚಳಿಗೆ ಹೊಣೆ ಯಾರು?



ಡಿಸೆಂಬರ್ ಬಂತೆಂದರೆ ದೋಹಾದಲ್ಲಿ ನಮಗೆಲ್ಲ ಹಬ್ಬ. ಏಸಿಗೆ ರಜೆ ಕೊಟ್ಟು, ಕಿಟಕಿ ತೆರೆದು, ಸಂಜೆ ಮಕ್ಕಳನ್ನು ಕಾರ್ನಿಷ್‌ಗೆ ಕರೆದುಕೊಂಡು ಹೋಗುವ ಕಾಲ. ವರ್ಷದ ಬಹುಪಾಲು ಬಿಸಿಲಿಗೆ ಹೆದರಿ ಬದುಕುವ ನಮಗೆ ಚಳಿ ಎಂದರೆ ಸುಖ. ಆದ್ದರಿಂದಲೇ ಚಳಿಯೂ ಒಂದು ಕಷ್ಟ, ಅದಕ್ಕೂ ಒಂದು ಖರ್ಚಿದೆ ಎಂಬುದು ನಮಗೆ ಥಟ್ಟನೆ ಹೊಳೆಯುವುದಿಲ್ಲ. ಅದೇ ವಾರಗಳಲ್ಲಿ ಬೀದರ್, ಕೊಡಗು, ಚಿಕ್ಕಮಗಳೂರುಗಳಲ್ಲಿ ನಮ್ಮ ತಂದೆತಾಯಿ ಮುಂಜಾನೆ ಶಾಲು ಹೊದ್ದು, ಬಿಸಿಲು ಅಂಗಳಕ್ಕೆ ಬರುವುದನ್ನೇ ಕಾಯುತ್ತಿರುತ್ತಾರೆ. ಬೀದರ್‌ನಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು. ಈ ಚಳಿಯನ್ನು ಕಳೆಯುವ ಹೊಣೆ ಯಾರದು? ಸರ್ಕಾರದ್ದೇ, ಮಕ್ಕಳದ್ದೇ, ಅಥವಾ ಅವರವರದ್ದೇ?

ಚಳಿ ಎಲ್ಲರಿಗೂ ಒಂದೇ ಅಲ್ಲ. ವಯಸ್ಸಾದಂತೆ ದೇಹದಲ್ಲಿ ಶಾಖ ಹುಟ್ಟುವುದು ಕಡಿಮೆಯಾಗುತ್ತದೆ; ಇದ್ದ ಶಾಖವನ್ನು ಹಿಡಿದಿಡುವ ಶಕ್ತಿಯೂ ಕುಗ್ಗುತ್ತದೆ. ಚಳಿಗೆ ರಕ್ತನಾಳಗಳು ಬಿಗಿದು ರಕ್ತದೊತ್ತಡ ಏರುತ್ತದೆ. ಚಳಿಗಾಲದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚುವುದಕ್ಕೆ ಇದೂ ಒಂದು ಕಾರಣ. ಚಳಿಯ ಪ್ರದೇಶಗಳಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರುವುದು ಕ್ಷೇಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆ ನೀಡಿತು. ಬಿಸಿನೀರು, ಬೆಚ್ಚನೆಯ ಕೋಣೆ ಹಿರಿಯರ ಪಾಲಿಗೆ ಐಷಾರಾಮವಲ್ಲ, ಔಷಧಿಯಷ್ಟೇ ಅಗತ್ಯ.

ಈ ಖರ್ಚನ್ನು ಹೇಗೆ ಹೊರಬೇಕೆಂದು ಒಂದು ದೇಶವೇ ಜಗಳವಾಡಿದ ಉದಾಹರಣೆ ನಮ್ಮ ಮುಂದಿದೆ. ಬ್ರಿಟನ್‌ನಲ್ಲಿ 1997ರಲ್ಲಿ ಹಿರಿಯರ ಚಳಿಗಾಲದ ಇಂಧನ ಖರ್ಚಿಗೆಂದು ಒಂದು ನೆರವು ಆರಂಭವಾಯಿತು. ಬರಬರುತ್ತಾ ಅದು ಮನೆಗೆ 200 ಪೌಂಡ್, 80 ದಾಟಿದವರಿದ್ದರೆ 300 ಪೌಂಡ್‌ವರೆಗೆ ಬೆಳೆಯಿತು. ಬಡವ, ಬಲ್ಲಿದ ಎಂಬ ಭೇದವಿರಲಿಲ್ಲ. 2024ರಲ್ಲಿ ಹೊಸ ಸರ್ಕಾರ ಇದನ್ನು ಪ್ರಶ್ನಿಸಿತು. ಕೋಟ್ಯಧೀಶನಿಗೆ ಜನರ ತೆರಿಗೆಯ ಹಣವೇಕೆ ಎಂದು ಕೇಳಿ, ಪೆನ್ಷನ್ ಕ್ರೆಡಿಟ್ ಮೊದಲಾದ ಬಡವರ ಸವಲತ್ತು ಪಡೆಯುವವರಿಗೆ ಮಾತ್ರ ನೆರವು ಎಂದಿತು. ಸುಮಾರು 1 ಕೋಟಿ ಹಿರಿಯರಿಗೆ ಹಣ ನಿಂತಿತು.

ಕೇಳಲು ಇದು ನ್ಯಾಯವಾಗಿಯೇ ಇದೆ. ಉಳ್ಳವರಿಗೆ ಕೊಡುವ ಬದಲು ಇಲ್ಲದವರಿಗೆ ಕೊಡಿ ಎಂದರೆ ಯಾರು ತಾನೇ ಬೇಡವೆಂದಾರು? ಆದರೆ ಎಡವಟ್ಟು ಬೇರೆ ಕಡೆ ಇತ್ತು. ಪೆನ್ಷನ್ ಕ್ರೆಡಿಟ್‌ಗೆ ಅರ್ಹರಾಗಿದ್ದೂ ಅರ್ಜಿಯನ್ನೇ ಹಾಕದ ಮನೆಗಳು 8 ಲಕ್ಷಕ್ಕೂ ಹೆಚ್ಚು ಎಂದು ಆ ಸರ್ಕಾರವೇ ಅಂದಾಜು ಮಾಡಿತ್ತು. ಕೆಲವರಿಗೆ ವಿಷಯ ಗೊತ್ತಿಲ್ಲ, ಕೆಲವರಿಗೆ ಉದ್ದನೆಯ ಅರ್ಜಿಯ ಭಯ, ಇನ್ನು ಕೆಲವರಿಗೆ ಈ ವಯಸ್ಸಿನಲ್ಲಿ ಕೈಚಾಚುವುದೇ ಎಂಬ ಸಂಕೋಚ. ಕಡೆಗೆ 2025ರಲ್ಲಿ ಸರ್ಕಾರ ಹಿಂದೆ ಸರಿಯಿತು. ಈಗಿನ ಏರ್ಪಾಡಿನಲ್ಲಿ ಬೇಡವೆಂದು ತಾವಾಗಿ ಹೇಳದ ಹಿರಿಯರಿಗೆಲ್ಲ ಮೊದಲು ಹಣ ಹೋಗುತ್ತದೆ. ವರ್ಷದ ವರಮಾನ 35,000 ಪೌಂಡ್ ದಾಟಿದವರಿಂದ ಅದನ್ನು ತೆರಿಗೆಯ ಮೂಲಕ ಹಿಂದೆ ಪಡೆಯುತ್ತಾರೆ.

ಈ ಬದಲಾವಣೆಯನ್ನು ಸ್ವಲ್ಪ ನಿಂತು ನೋಡಬೇಕು. ಮೊದಲು ಪ್ರಶ್ನೆ, ಆಮೇಲೆ ಹಣ ಎಂಬುದು ಒಂದು ನೀತಿ. ಮೊದಲು ಹಣ, ಆಮೇಲೆ ಲೆಕ್ಕ ಎಂಬುದು ಇನ್ನೊಂದು. ಎರಡರಲ್ಲೂ ಖಜಾನೆಯ ಖರ್ಚು ಹತ್ತಿರ ಹತ್ತಿರ ಬರುವಂತೆ ಮಾಡಬಹುದು. ಆದರೆ ಮೊದಲನೆಯದರಲ್ಲಿ ತನ್ನ ಬಡತನವನ್ನು ರುಜುವಾತು ಮಾಡುವ ಭಾರ ಮುದುಕಿಯ ಮೇಲೆ ಬೀಳುತ್ತದೆ. ಎರಡನೆಯದರಲ್ಲಿ ಲೆಕ್ಕದ ಭಾರ ತೆರಿಗೆ ಕಚೇರಿಯ ಮೇಲೆ. ನನ್ನ ಮಟ್ಟಿಗೆ ನೈತಿಕ ಪ್ರಶ್ನೆ ಇಲ್ಲಿದೆ. ಎಷ್ಟು ಕೊಟ್ಟೆವು ಎಂಬುದರಷ್ಟೇ ಯಾರನ್ನು ಕೇಳುವಂತೆ ಮಾಡಿ ಕೊಟ್ಟೆವು ಎಂಬುದೂ ಮುಖ್ಯ.

ನಮ್ಮ ನಾಡಿಗೆ ಬರೋಣ. ಕರ್ನಾಟಕದಲ್ಲಿ ಕೋಣೆ ಬೆಚ್ಚಗಾಗಿಸಲೆಂದೇ ಹಿರಿಯರಿಗೆ ಕೊಡುವ ಇಂಥ ನೆರವು ಇಲ್ಲ. ನಮ್ಮ ಚಳಿಯ ಖರ್ಚು ಮುಖ್ಯವಾಗಿ ಬಚ್ಚಲುಮನೆಯದು. ಹಿಂದೆ ಹಂಡೆಯ ಕೆಳಗೆ ತೋಟದ ಸೋಗೆ, ಕರಟ, ಕಟ್ಟಿಗೆ ಉರಿಯುತ್ತಿತ್ತು. ಈಗ ಆ ಜಾಗಕ್ಕೆ ಗೀಸರ್ ಬಂದಿದೆ, ಗೀಸರ್ ಜೊತೆಗೆ ಮೀಟರ್ ಓಡುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ವಯಸ್ಸನ್ನೂ ವರಮಾನವನ್ನೂ ಕೇಳದೆ, ಹಿಂದಿನ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ, 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಟ್ಟಿತು. ಕೇಳದೆ ಕೊಡುವ ದಾರಿಗೆ ಇದು ಹತ್ತಿರ. ಆದರೆ ಗೊತ್ತುಮಾಡಿದ ಮಿತಿ ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ಹಣ ಕಟ್ಟಬೇಕು; 200 ದಾಟಿದರೆ ಪೂರ್ತಿ ಬಿಲ್ಲು. ಮಿತವ್ಯಯ ಮೈಗೂಡಿದ ಹಿರಿಯರಿಗೆ ಸೊನ್ನೆ ಬಿಲ್ಲು ಎಂದರೆ ಒಂದು ಮರ್ಯಾದೆ. ಅದನ್ನು ಉಳಿಸಿಕೊಳ್ಳಲು ಮೊದಲು ಆರುವುದು ಗೀಸರ್.

ಲೆಕ್ಕ ಹಾಕಿ ನೋಡಿ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ 1 ಯೂನಿಟ್, ತಿಂಗಳಿಗೆ 30. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೆ ತಿಂಗಳ ಬಿಸಿನೀರಿಗೆ 180 ರೂಪಾಯಿ. ನಮ್ಮ ರಿಯಾಲ್ ಲೆಕ್ಕದಲ್ಲಿ ಹತ್ತರೊಳಗೆ. ಗಾಡಿಯಲ್ಲೇ ಕೂತು ಕುಡಿಯುವ ಕೆಲವು ಕರಕ್ ಚಹಾದ ಬೆಲೆ. ಹಾಗಾದರೆ ದುಡ್ಡು ಕಳಿಸುವ ಮಕ್ಕಳಿರುವ ಮನೆಯಲ್ಲೂ ಹಿರಿಯರು ತಣ್ಣೀರಿಗೆ ಕೈಹಾಕುವುದೇಕೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅವರು ಬದುಕಿಡೀ ಕಲಿತರು, ನಮಗೂ ಕಲಿಸಿದರು. ಆಮೇಲೆ ನಾವು ಕತಾರಿಗೆ ಬಂದು ಹಾಸಿಗೆಯನ್ನು ಉದ್ದ ಮಾಡಿದೆವು. ಅವರ ಕಾಲು ಮಾತ್ರ ಮಡಚಿದ್ದು ಮಡಚಿಯೇ ಉಳಿಯಿತು!

ಕಾನೂನು ಇದೆಯಲ್ಲ ಎಂದು ಕೆಲವರು ಹೇಳಬಹುದು. ನಿಜ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಅದು ದೇಶದ ಹೊರಗಿರುವ ಭಾರತೀಯ ನಾಗರಿಕರಿಗೂ, ಅಂದರೆ ದೋಹಾದಲ್ಲಿರುವ ನಮಗೂ, ಅನ್ವಯಿಸುತ್ತದೆ. ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಕೊಡಿಸಲು ಅಲ್ಲಿ ಅವಕಾಶವಿದೆ. ಆದರೆ ಅದಕ್ಕೂ ಸಾಮಾನ್ಯವಾಗಿ ಮೊದಲು ಅರ್ಜಿ ಬೇಕು. ಸ್ವಂತ ಮಗನ ಮೇಲೆ ಅರ್ಜಿ ಬರೆಯುವ ತಾಯಂದಿರು ಎಷ್ಟು ಮಂದಿ? ಕಾನೂನು ಕೊನೆಯ ಬಾಗಿಲು. ಅಲ್ಲಿಯವರೆಗೆ ಹೋಗುವಂತಾದರೆ ಒಳಗಿನ ಬಾಗಿಲುಗಳೆಲ್ಲ ಮುಚ್ಚಿವೆ ಎಂದೇ ಅರ್ಥ.

ಇದಕ್ಕೊಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ನಾವು ಫೋನಿನಲ್ಲಿ ಕೇಳುತ್ತೇವೆ, ಅವರು ಏನೂ ಬೇಡ ಎನ್ನುತ್ತಾರೆ. ಬೇಡವೆಂದವರ ಮೇಲೆ ಹೇರುವುದು ಅವರ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲವೇ? ಸರಳವಾಗಿ ಬದುಕುವುದು ಅವರ ಆಯ್ಕೆ ಇರಬಹುದಲ್ಲ? ಇರಬಹುದು. ಬೇಡ ಎಂಬ ಮಾತಿನಲ್ಲಿ ಎರಡು ಬಗೆ. ಮನಸ್ಸು ತುಂಬಿ ಬರುವ ಬೇಡ ಒಂದು, ಮಗನಿಗೆ ಭಾರವಾಗಬಾರದೆಂದು ಬರುವ ಬೇಡ ಇನ್ನೊಂದು. ಫೋನಿನಲ್ಲಿ ಎರಡರ ದನಿಯೂ ಒಂದೇ. ಪರೀಕ್ಷಿಸುವ ದಾರಿಯೂ ಒಂದೇ: ಖರ್ಚಿನ ಪ್ರಶ್ನೆಯನ್ನು ಮೊದಲು ತೆಗೆದುಹಾಕಿ. ಆಮೇಲೂ ಅವರು ತಣ್ಣೀರನ್ನೇ ಇಷ್ಟಪಟ್ಟರೆ ಅದು ಆಯ್ಕೆ. ಬಿಲ್ಲಿನ ಭಯ ಇರುವತನಕ ಅದನ್ನು ಆಯ್ಕೆ ಎನ್ನಲಾಗದು.

ಮಾಡುವುದು ಕಷ್ಟವಲ್ಲ. 2023ರಿಂದ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಕತಾರಿನ ಮೊಬೈಲ್ ಸಂಖ್ಯೆಯಿಂದಲೇ ಯುಪಿಐ ಬಳಸುವ ಅವಕಾಶ ಬಂದಿದೆ. ಊರಿನ ಮೆಸ್ಕಾಂ, ಜೆಸ್ಕಾಂ ಬಿಲ್ಲು ಅಪ್ಪನ ಕೈ ಸೇರುವ ಮೊದಲೇ ಇಲ್ಲಿಂದ ಕಟ್ಟಿಬಿಡಬಹುದು. 200 ಯೂನಿಟ್ ತುಸು ದಾಟಿದ ತಿಂಗಳಲ್ಲೂ ಸಾಮಾನ್ಯ ಮನೆಯ ಬಿಲ್ಲು ನೂರು ರಿಯಾಲ್ ಒಳಗೇ ಇರುತ್ತದೆ. ಬಿಸಿಲು ಚೆನ್ನಾಗಿ ಬೀಳುವ ಮನೆಯಾದರೆ ಛಾವಣಿಗೆ ಸೋಲಾರ್ ವಾಟರ್ ಹೀಟರ್ ಹಾಕಿಸಿ. ಅದರಲ್ಲಿ ಎಣಿಸಲು ಯೂನಿಟ್ಟೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬಾರದೆಂದು, ಅದರ ವಿಷಾನಿಲ ಪ್ರಾಣಕ್ಕೇ ಎರವೆಂದು ತಪ್ಪದೆ ತಿಳಿಸಿ. ಚಳಿಗಾಲಕ್ಕೆ ಇಲ್ಲಿಗೇ ಬಂದಿರುವ ಹಿರಿಯರನ್ನೂ ಗಮನಿಸಿ. ಜನವರಿಯ ರಾತ್ರಿ ದೋಹಾದಲ್ಲಿ 13-14 ಡಿಗ್ರಿ. ಫ್ಲಾಟಿನ ಟೈಲ್ಸ್ ನೆಲ ಬರಿಗಾಲಿಗೆ ಮಂಜುಗಡ್ಡೆ. ಮಗನ ಮನೆಯ ಕರೆಂಟು ಎಂದು ಹೀಟರ್ ಹಾಕಲು ಅವರು ಇಲ್ಲೂ ಹಿಂಜರಿಯುತ್ತಾರೆ.

ಮಕ್ಕಳ ಆಸರೆಯೇ ಇಲ್ಲದ ಹಿರಿಯರ ಮಾತು ಬೇರೆ. ಅವರಿಗೆ ಸರ್ಕಾರವೇ ಮಗನಾಗಬೇಕು. ಸಂಧ್ಯಾ ಸುರಕ್ಷಾದಂಥ ಪಿಂಚಣಿಗಳಿಗೆ ವರಮಾನ ಪತ್ರ, ಅರ್ಜಿ ಎಂದು ನಾಡಕಚೇರಿಗೆ ಅಲೆಯುವುದಿದೆ. ರಜೆಗೆ ಊರಿಗೆ ಹೋದಾಗ ನೆರೆಮನೆಯ ಒಬ್ಬ ಅಜ್ಜಿಯ ಅರ್ಜಿ ತುಂಬಿಕೊಟ್ಟರೂ ಅದು ಸಣ್ಣ ಕೆಲಸವಲ್ಲ.

ಇದು ಅವರ ಪ್ರಶ್ನೆ ಮಾತ್ರವೂ ಅಲ್ಲ. ಇಲ್ಲಿನ ಖಾಸಗಿ ಕೆಲಸದಲ್ಲಿ ನಮಗೆ ಪಿಂಚಣಿ ಇಲ್ಲ. ಗ್ರಾಚ್ಯುಟಿ ಹಿಡಿದುಕೊಂಡು ಒಂದು ದಿನ ಊರಿಗೆ ಮರಳಬೇಕಾದವರು ನಾವು. ಆಗ ಮೀಟರ್ ನೋಡುತ್ತಾ ಗೀಸರ್ ಆರಿಸುವ ಕೈ ನಮ್ಮದೇ ಆಗಿರಬಹುದು. ಅಳದ ಮಗುವಿಗೆ ಹಾಲಿಲ್ಲ ಎಂಬ ಮಾತಿದೆ. ಆದರೆ ನಮ್ಮ ತಾಯಂದಿರು ನಾವು ಅಳುವವರೆಗೆ ಕಾದವರಲ್ಲ. ನಡುರಾತ್ರಿ ಎದ್ದು ನಮ್ಮ ಹೊದಿಕೆ ಸರಿಮಾಡಿದವರು. ಹೊದಿಕೆ ಬೇಕೇ ಎಂದು ಅವರು ನಮ್ಮನ್ನು ಕೇಳಿರಲಿಲ್ಲ.