ಹತ್ತು, ಪತ್ತ್, ಧಾ

ಬೆಳಗ್ಗೆ ಹಾಲು ತರಲು ಹೋದಾಗ ಚಿಲ್ಲರೆಯ ಜತೆ ಮಾಸಿದ ಹತ್ತರ ನೋಟೊಂದು ಕೈಗೆ ಬಂತು. ಜೇಬಿಗಿಳಿಸುವ ಮೊದಲು ಯಾಕೋ ತಿರುವಿ ನೋಡಿದೆ. ಹಿಂಬದಿಯಲ್ಲಿ ಇರುವೆ ಸಾಲಿನಂತೆ 15 ಭಾಷೆಗಳು. ಎ-ಬಿ-ಸಿ-ಡಿ ಕ್ರಮದಲ್ಲಿ ಕೂರಿಸಿದ್ದರಿಂದ ಅಸ್ಸಾಮಿ ಮೊದಲು, ಉರ್ದು ಕೊನೆಗೆ. ಕನ್ನಡಕ್ಕೆ ನಾಲ್ಕನೆಯ ಜಾಗ. ಹಿಂದಿ, ಇಂಗ್ಲಿಷ್ ಮಾತ್ರ ಸಾಲಿನಿಂದ ಹೊರಗೆ, ದೊಡ್ಡ ಅಕ್ಷರದಲ್ಲಿ. ಅದೇಕೆ ಹಾಗೆ ಎಂದು ಗೊಣಗುವವರಲ್ಲಿ ನಾನೂ ಒಬ್ಬ.

ಕನ್ನಡಕ ಏರಿಸಿ ಓದಿದರೆ ನೆಂಟಸ್ತನಗಳು ಕಾಣುತ್ತವೆ. ನಮ್ಮ ಹತ್ತು ತಮಿಳು, ಮಲಯಾಳಂಗಳಲ್ಲಿ ಪತ್ತು. ಹಳಗನ್ನಡದಲ್ಲಿ ನಾವೂ ಪತ್ತು ಎಂದೇ ಎಣಿಸುತ್ತಿದ್ದವರು. ಆಮೇಲೆ ನಮ್ಮ ಬಾಯಲ್ಲಿ ಪಕಾರ ಹಕಾರವಾಯಿತು, ಪಾಲು ಹಾಲಾಯಿತು. ಮರಾಠಿಯ ದಹಾ, ಕೊಂಕಣಿಯ ಧಾ ಒಂದೇ ಮನೆಯ ಮಕ್ಕಳೆಂದು ಯಾರೂ ಹೇಳಿಕೊಡಬೇಕಿಲ್ಲ.

ಮಂಗಳೂರಿನ ನಮ್ಮ ಬೀದಿಗೆ ಮೀನು ತರುವ ಹೆಂಗಸು ಬುಟ್ಟಿ ಇಳಿಸಿ ಇದೇ ನೋಟುಗಳನ್ನು ಎಣಿಸುತ್ತಾಳೆ: ಪತ್ತ್, ಇರ್ವ, ಮುಪ್ಪ. ಕನ್ನಡ ಬಿಟ್ಟುಕೊಟ್ಟ ಪಕಾರ ಅವಳ ತುಳುವಿನಲ್ಲಿ ಇನ್ನೂ ಜೀವಂತ. ಆದರೆ ತುಳು ನೋಟಿನ ಮೇಲಿಲ್ಲ. 2011ರ ಜನಗಣತಿಯಲ್ಲಿ ಅದನ್ನು ತಾಯ್ನುಡಿ ಎಂದವರು 18 ಲಕ್ಷಕ್ಕೂ ಹೆಚ್ಚು. ಸಾಲಿನಲ್ಲಿರುವ ಸಂಸ್ಕೃತವನ್ನು ಹಾಗೆಂದವರು 25 ಸಾವಿರಕ್ಕೂ ಕಡಿಮೆ. (ಸಂಸ್ಕೃತವನ್ನು ಅಳಿಸಿ ಎನ್ನುತ್ತಿಲ್ಲ, ಇರಲಿ.) ಸಂವಿಧಾನದ ಎಂಟನೇ ಅನುಸೂಚಿ 14 ಭಾಷೆಗಳಿಂದ ಶುರುವಾಗಿ 22ಕ್ಕೆ ಬೆಳೆದಿದೆ. ಅಲ್ಲಿ ಸೇರಿದ ಮೈಥಿಲಿ, ಸಂತಾಲಿ, ಮಣಿಪುರಿಗಳಿಗೂ ನೋಟಿನಲ್ಲಿ ಜಾಗ ಸಿಕ್ಕಿಲ್ಲ. ತುಳು, ಕೊಡವ ಭಾಷೆಗಳು ಎರಡರಲ್ಲೂ ಇಲ್ಲ.

ಹತ್ತು ಸಾವಿರಕ್ಕಿಂತ ಹೆಚ್ಚು ಜನ ಆಡುವ ಭಾಷೆಗಳೇ ದೇಶದಲ್ಲಿ 121 ಎಂದು ಅದೇ ಗಣತಿ ಹೇಳುತ್ತದೆ. ಅಷ್ಟನ್ನೂ ಅಚ್ಚು ಹಾಕಲು ಕಾಗದ ಸಾಲದು, ಅದು ಸರಿ. ನನ್ನನ್ನು ಚುಚ್ಚಿದ್ದು ಕಾಗದವಲ್ಲ. ಇಷ್ಟು ವರ್ಷ ನಾನು ಮೀನಿನ ಬೆಲೆ ಕೇಳಿದ್ದು ಕನ್ನಡದಲ್ಲಿ, ಅವಳು ಹೇಳಿದ್ದೂ ಕನ್ನಡದಲ್ಲಿ. ಎದುರು ಮನೆಯವರಿಗೆ ಕೊಂಕಣಿಯಲ್ಲಿ ಹೇಳುತ್ತಾಳೆ. ತಲೆಯ ಮೇಲೆ ಬುಟ್ಟಿ ಹೊತ್ತವಳೇ ದಿನವೂ ನಮ್ಮ ಭಾಷೆಗಳವರೆಗೆ ನಡೆದು ಬಂದಿದ್ದಾಳೆ. ನೋಟಿನಲ್ಲಿ ಕನ್ನಡ ಸಣ್ಣದಾಯಿತೆಂದು ಗೊಣಗುವ ನಾನು ಅವಳ ಕಡೆಗೆ ಹೊಸಿಲು ದಾಟಿಲ್ಲ.

ಇವತ್ತು ಅವಳು ಬಂದರೆ ಪತ್ತ್, ಇರ್ವ ಎಂದೇ ಎಣಿಸಿ ಕೊಡಬೇಕೆಂದಿದ್ದೇನೆ. ತಪ್ಪಿದರೆ ನಗುತ್ತಾಳೆ, ನಗಲಿ. ನಿಮ್ಮ ಬೀದಿಗೆ ಬರುವವರು ಚಿಲ್ಲರೆಯನ್ನು ಯಾವ ಭಾಷೆಯಲ್ಲಿ ಎಣಿಸಿಕೊಳ್ಳುತ್ತಾರೆ, ಒಮ್ಮೆ ಕಿವಿಗೊಟ್ಟು ನೋಡಿ.